ನಾಲ್ಕನೇ ಮಹಡಿಯ ತಣ್ಣನೆಯ ಗಾಳಿ

"ಹಗ್ಗ ಸಡಿಲ ಬಿಡ್ರೋ! ಬಿಡಿ, ಬಿಡಿ!"

ಮೇಲಿನಿಂದ ಜಾರಿ ಬಂದ ಸುಟ್ಟ ಮಣ್ಣಿನ ಹಲಗೆ ಲಾರಿಯ ತಳಕ್ಕೆ ಬಡಿದು ಮೂರು ಚೂರಾಯಿತು. ಕೆಂಪು ಧೂಳು ಎದ್ದು ಹುಣಸೂರು ರಸ್ತೆಯ ಕಡೆ ಹೊರಳಿತು. ಗೇಟಿನ ಹೊರಗೆ ನಿಂತಿದ್ದ ಷಡಕ್ಷರಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು.

ಲಾರಿಯೊಳಗೆ ಚೂರಾಗುತ್ತಿದ್ದುದು ಅವರ ಸಾಕ್ಷ್ಯ.

ಹದಿಮೂರು ದಿನಗಳ ಹಿಂದೆ 'ನೇಸರ' ಕಟ್ಟಡದ ಇದೇ ಪಡುವಣ ಗೋಡೆಯಿಂದ ಹನ್ನೆರಡು ಹಲಗೆಗಳು ಒಮ್ಮೆಗೇ ಕಳಚಿ ಬಿದ್ದು, ಅವನ್ನು ತನ್ನ ಕೈಯಾರೆ ಕೂರಿಸಿದ್ದ ಮೇಸ್ತ್ರಿ ಜವರಪ್ಪನೇ ಸತ್ತಿದ್ದ. ಗೋಡೆಯನ್ನು ರೂಪಿಸಿದ ಹೇಮಶ್ರೀಯ ಮೇಲೆ ನಿರ್ಲಕ್ಷ್ಯದ ಕೇಸು ಬಿದ್ದಿತ್ತು. ಜಾಮೀನಿನ ಮೇಲೆ ಮನೆ ಸೇರಿದ್ದ ಅವಳಿಗಾಗಿ ತಾಯಿ ಮಂಜುಳಮ್ಮ ಷಡಕ್ಷರಿಯ ಬಾಗಿಲು ತಟ್ಟಿದ್ದರು.

"ಒಳಗೆ ಬಿಡೋ ಹಾಗಿಲ್ಲ ಸಾರ್," ಎಂದು ಕಟ್ಟಡದ ಎಂಜಿನಿಯರ್ ಗುರುಕಿರಣ್ ಮೂರನೇ ಸಲ ಹೇಳಿದ. ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹೆಲ್ಮೆಟ್ ಕೆಳಗಿಂದ ಬೆವರು ಇಳಿಯುತ್ತಿತ್ತು. "ಅಪಾಯದ ಗೋಡೆ ಅಂತ ಕಾರ್ಪೊರೇಷನ್ ನೋಟಿಸ್ ಕೊಟ್ಟಿದೆ. ಸಂಜೆಯೊಳಗೆ ಪೂರ್ತಿ ಇಳಿಸಿ ಅಂತ ಮಾಲೀಕರ ಆರ್ಡರ್."

"ಬಿದ್ದ ಜಾಗದ ಕ್ಲಿಪ್ಪು, ಬೋಲ್ಟು?"

"ಅವು ಮೊದಲನೇ ಲೋಡಿನಲ್ಲೇ ಹೋದವು. ಬೆಳಿಗ್ಗೆ ಏಳಕ್ಕೇ."

"ಎಲ್ಲಿಗೆ?"

"ಗುಜರಿಗೆ. ಇನ್ನೆಲ್ಲಿಗೆ?"

ಷಡಕ್ಷರಿ ಮೊಬೈಲ್ ತೆಗೆದು ಇನ್‌ಸ್ಪೆಕ್ಟರ್ ನಿಶಾಂತ್‌ಗೆ ಫೋನ್ ಮಾಡಿದರು. ಏಳು ವರ್ಷಗಳ ಹಿಂದೆ, ತಾವಿನ್ನೂ ಖಾಕಿ ಬಟ್ಟೆಯಲ್ಲಿದ್ದಾಗ, ಮಹಜರು ಬರೆಯುವುದನ್ನು ಅವನಿಗೆ ಕಲಿಸಿದವರು ಅವರೇ.

"ಗೋಡೆ ಕೆಡವುತ್ತಾ ಇದಾರೆ ಕಣಯ್ಯ. ಒಂದೇ ಒಂದು ದಿನ ನಿಲ್ಲಿಸು."

"ಏನಂತ ನಿಲ್ಲಿಸಲಿ ಸಾರ್? ಮಹಜರು ಮುಗಿದಿದೆ, ಫೋಟೋ ಆಗಿದೆ. ಗಾಳಿಯ ಒತ್ತಡದ ಲೆಕ್ಕ ತಪ್ಪಿದೆ ಅಂತ ತಜ್ಞರು ಬರೆದುಕೊಟ್ಟಿದ್ದಾರೆ. ನಾನು ಅದರ ಮೇಲೆ ಮಾತಾಡೋಕಾಗುತ್ತಾ?"

"ನಿನ್ನ ಮನಸ್ಸಿಗೆ ಏನನಿಸುತ್ತೆ?"

"ನನ್ನ ಮನಸ್ಸನ್ನ ಚಾರ್ಜ್‌ಶೀಟ್‌ಗೆ ಹಚ್ಚೋಕಾಗಲ್ಲ ಸಾರ್. ಹೊಸದಾಗಿ ಏನಾದರೂ ಸಿಕ್ಕರೆ ತನ್ನಿ. ಆಗ ನೋಡೋಣ."

ಮತ್ತೊಂದು ಹಲಗೆ ಬಿತ್ತು. ರಸ್ತೆಯಾಚೆ ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಸೆರಗು ತಲೆಗೆ ಹೊದ್ದು ನಿಂತಿದ್ದಳು. ಷಡಕ್ಷರಿ ದಾಟಿ ಹೋದರು. ಜವರಪ್ಪನ ಹೆಂಡತಿ ಭಾಗ್ಯಮ್ಮ. ಹಣೆ ಬರಿದಾಗಿತ್ತು.

"ನೀವ್ಯಾಕಮ್ಮಾ ಇಲ್ಲಿ, ಈ ಬಿಸಿಲಲ್ಲಿ?"

"ನಮ್ಮೆಜಮಾನ್ರು ಒಂದೊಂದು ಅಲಗೇನೂ ಕೂಸ್ನ ತೊಟ್ಲಿಗೆ ಮಲಗಿಸ್ದಂಗೆ ಕೂರಿಸಿದ್ರು ಸ್ವಾಮಿ. ಎಂಗೆ ಎಸೀತಾವ್ರೆ ನೋಡಿ."

"ಆವತ್ತು ಅವರು ಗೋಡೆ ಕೆಳಗೆ ಯಾಕೆ ಹೋಗಿ ನಿಂತಿದ್ದರು? ಅವರಿಗೆ ಅಲ್ಲಿ ಕೆಲಸ ಇರಲಿಲ್ಲವಲ್ಲ?"

ಭಾಗ್ಯಮ್ಮ ಲಾರಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಬುಟ್ಬುಡಿ ಸ್ವಾಮಿ. ವೋದೋರು ವೋದ್ರು. ನೀವೂ ಬುಟ್ಬುಡಿ."

ಸರಸ್ವತಿಪುರಂನಲ್ಲಿ ಹೇಮಶ್ರೀಯ ಕಚೇರಿಗೆ ಬೀಗ ಬಿದ್ದು ಎರಡು ವಾರವಾಗುತ್ತ ಬಂದಿತ್ತು. ನಾಮಫಲಕಕ್ಕೆ ಯಾರೋ ಸಗಣಿ ಎರಚಿದ್ದರು. ಅದು ಒಣಗಿ ಅರ್ಧ ಉದುರಿತ್ತು. ಇಲ್ಲಿ ಏನೂ ಸಿಗದೆಂದು ಗೊತ್ತಿದ್ದರೂ ಷಡಕ್ಷರಿ ಬಂದಿದ್ದರು, ಬೇರೆಲ್ಲಿ ಹೋಗಬೇಕೆಂದು ತೋಚದೆ.

ಪಕ್ಕದ ಟ್ಯುಟೋರಿಯಲ್‌ನಿಂದ ರಾಮಯ್ಯ ಮೇಷ್ಟ್ರು ಕೈಯೆಲ್ಲ ಸೀಮೆಸುಣ್ಣದ ಪುಡಿ ಮಾಡಿಕೊಂಡು ಹೊರಗೆ ಬಂದರು.

"ನೀವು ಹೇಮಶ್ರೀ ಕಡೆಯವರಲ್ವೇ? ಈ ಟಪಾಲು ಅವಳಿಗೆ ತಲುಪಿಸಿಬಿಡಿ. ಪೋಸ್ಟ್‌ಮ್ಯಾನು ನನ್ನ ಹತ್ತಿರ ಕೊಟ್ಟು ಹೋಗ್ತಾನೆ. ಆ ಹುಡುಗಿ ಮನೆಗೆ ಹೋಗೋಕೆ ನನಗೆ ಮುಖ ಇಲ್ಲ. ಏನು ಅಂತ ಮಾತಾಡಿಸಲಿ?"

ಆರು ಲಕೋಟೆಗಳಿದ್ದವು. ಒಂದರ ಮೇಲೆ 'ನೇಸರ' ಕಟ್ಟಡದ ಮೊಹರು. ಅಂಚೆಯ ಠಸ್ಸೆ ಮೇ ಇಪ್ಪತ್ತೊಂದರದು, ಅಂದರೆ ಜವರಪ್ಪ ಸತ್ತ ಮಾರನೆಯ ದಿನದ್ದು.

ಒಳಗೆ ಬರೀ ಅಂಕಿಗಳು. ಕಂಪ್ಯೂಟರ್ ಹಾಳೆಯ ತುಂಬ ಸಾಲು ಸಾಲಾಗಿ ದಿನ, ಗಂಟೆ, ಮಹಡಿ, ಉಷ್ಣತೆ. ಗೋಡೆಯೊಳಗಿನ ಟೊಳ್ಳಿನಲ್ಲಿ ಮಹಡಿಗೊಂದರಂತೆ ಶಾಖ ಅಳೆಯುವ, ಅಂಗಿಯ ಗುಂಡಿಯಂಥ ಸಣ್ಣ ಯಂತ್ರಗಳನ್ನಿಟ್ಟಿದ್ದೇನೆ ಎಂದು ಹೇಮಶ್ರೀ ಒಮ್ಮೆ ಹೇಳಿದ್ದು ಷಡಕ್ಷರಿಗೆ ನೆನಪಾಯಿತು. ಹತ್ತು ನಿಮಿಷಕ್ಕೊಮ್ಮೆ ಅವು ಲೆಕ್ಕ ಬರೆದುಕೊಳ್ಳುತ್ತಿದ್ದವು. ಪ್ರತಿ ಶನಿವಾರ ಕಟ್ಟಡದ ಗುಮಾಸ್ತ ವಾರದ ಹಾಳೆಯನ್ನು ಅವಳಿಗೆ ಅಂಚೆಗೆ ಹಾಕಬೇಕು. ಸಾವಿನ ಗಲಾಟೆಯಲ್ಲೂ ಆ ಪುಣ್ಯಾತ್ಮ ತನ್ನ ಕೆಲಸ ಮರೆತಿರಲಿಲ್ಲ.

ಷಡಕ್ಷರಿ ಮೆಟ್ಟಿಲ ಮೇಲೆ ಕುಳಿತು ಬೆರಳಿಟ್ಟು ಓದಿದರು.

ಮೇ ಇಪ್ಪತ್ತು, ನಾಲ್ಕನೆಯ ಮಹಡಿ. ಮೂರು ಗಂಟೆಗೆ ನಲವತ್ತಾರು ಡಿಗ್ರಿ. ಮೂರು ಹತ್ತಕ್ಕೆ ನಲವತ್ತಾರು.

ಮೂರು ಇಪ್ಪತ್ತಕ್ಕೆ ಮೂವತ್ತನಾಲ್ಕು. ಮೂರೂವರೆಗೆ ಇಪ್ಪತ್ತೊಂಬತ್ತು.

ಹಲಗೆ ಬಿದ್ದದ್ದು ನಾಲ್ಕು ಹತ್ತಕ್ಕೆ.

ಅವರು ಎದ್ದು ನಿಂತರು. ಬರುತ್ತಿದ್ದ ಆಟೋಗೆ ರಸ್ತೆಯ ನಡುವೆಯೇ ಕೈ ಅಡ್ಡ ಹಿಡಿದರು.

ಅಗ್ರಹಾರದ ಹೇಮಶ್ರೀಯ ಮನೆಯ ಓಣಿಯಲ್ಲಿ ಆಟೋ ಒಳಗೆ ಹೋಗುವುದಿಲ್ಲ. ಷಡಕ್ಷರಿ ಅರ್ಧ ಓಡಿಕೊಂಡೇ ಬಂದರು. ಮಂಜುಳಮ್ಮ ಬಾಗಿಲು ತೆಗೆದರು. ಹೇಮಶ್ರೀ ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಮುಂದೆ ಇಟ್ಟಿದ್ದ ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಮೂವತ್ತೆರಡು ವರ್ಷದವಳ ಕಿವಿಯ ಹತ್ತಿರ ಹದಿಮೂರು ದಿನದಲ್ಲೇ ಬೆಳ್ಳಿ ಕೂದಲು ಕಂಡಂತಾಯಿತು ಅವರಿಗೆ.

"ಹೇಮಶ್ರೀ, ನೀನು ಬಚಾವಾದೆ ಕಣಮ್ಮ!" ಅವರು ಹಾಳೆಯನ್ನು ಅವಳ ಮುಂದೆ ಹರಡಿದರು. "ನೋಡು. ನಿನ್ನ ಗೋಡೆ ಗಾಳಿಗೆ ಬಿದ್ದಿಲ್ಲ. ಬೀಳೋಕೆ ಐವತ್ತು ನಿಮಿಷ ಮೊದಲೇ ಯಾರೋ ಅದನ್ನ ಬಿಚ್ಚಿದ್ದಾರೆ. ಶಾಖ ಇದ್ದಕ್ಕಿದ್ದ ಹಾಗೆ ಇಳಿದಿದೆ!"

ಮಂಜುಳಮ್ಮ ಎರಡೂ ಕೈಯನ್ನು ಎದೆಗೊತ್ತಿಕೊಂಡು "ಶಿವನೇ" ಎಂದರು.

ಹೇಮಶ್ರೀ ಹಾಳೆಯನ್ನು ಬೆಳಕಿಗೆ ಹಿಡಿದಳು. ಬೇರೆ ಮಹಡಿಗಳ ಸಾಲುಗಳನ್ನೂ ನೋಡಿದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಕೆಲಸದ ಕಳೆ ಬಂತು. ಆಮೇಲೆ ಅದೂ ನಿಧಾನವಾಗಿ ಹೋಯಿತು.

"ಆವತ್ತು ಹೊರಗೆ ಎಷ್ಟಿತ್ತು ಗೊತ್ತಾ ಸರ್?"

"ಹೊರಗೆ?"

"ಮೊದಲನೇ ಸಾಲು ನೋಡಿ. ಟೆರೇಸ್ ಮೇಲೆ ನೆರಳಲ್ಲಿ ಒಂದು ಗುಂಡಿ ಇಟ್ಟಿದ್ದೆ. ಮೂವತ್ತೈದು." ಅವಳು ಉಗುರಿನಿಂದ ಗೆರೆ ಎಳೆದಳು. "ಸರ್, ಈ ಗೋಡೆಯ ಗುಟ್ಟು ಇಷ್ಟೇ. ಹೊರಗಡೆ ಮಣ್ಣಿನ ಹಲಗೆ, ಒಳಗಡೆ ಇಟ್ಟಿಗೆ, ನಡುವೆ ಒಂದು ಮೊಳ ಖಾಲಿ. ಬಿಸಿಲು ಹಲಗೆಗೆ ಹೊಡೆಯುತ್ತೆ, ಒಳಗಿನ ಗಾಳಿ ಕಾಯುತ್ತೆ, ಕಾದದ್ದು ಮೇಲೇರಿ ಟೆರೇಸ್ ಹತ್ತಿರ ಹೊರಗೆ ಹೋಗುತ್ತೆ. ಇಟ್ಟಿಗೆಗೆ ಶಾಖ ತಟ್ಟೋದೇ ಇಲ್ಲ. ಗೋಡೆಗೆ ಕೊಡೆ ಹಿಡಿದ ಹಾಗೆ. ಕಟ್ಟಡಕ್ಕೆ ಕರೆಂಟು ಅರ್ಧ ಸಾಕು."

"ಅದು ಗೊತ್ತಮ್ಮ."

"ಹೊರಗಿನಿಂದ ಯಾರಾದರೂ ಹಲಗೆ ಬಿಚ್ಚಿದರೆ ಹೊರಗಿನ ಗಾಳಿ ನುಗ್ಗುತ್ತೆ. ಆಗ ಎಷ್ಟಕ್ಕೆ ಇಳಿಯಬೇಕು?"

ಷಡಕ್ಷರಿ ಉತ್ತರಿಸಲು ಬಾಯಿ ತೆರೆದರು. ಮೂವತ್ತೈದಕ್ಕೆ. ಅದಕ್ಕಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲ.

"ಇಲ್ಲಿ ಇಪ್ಪತ್ತೊಂಬತ್ತಾಗಿದೆ," ಎಂದಳು ಹೇಮಶ್ರೀ. "ಮೇ ತಿಂಗಳ ಮಧ್ಯಾಹ್ನ ಮೈಸೂರಲ್ಲಿ ಇಪ್ಪತ್ತೊಂಬತ್ತು ಎಲ್ಲಿ ಸಿಗುತ್ತೆ ಸರ್? ಎ.ಸಿ. ಹಾಕಿದ ಕೋಣೆಯಲ್ಲಿ ಮಾತ್ರ. ಇದು ಕಟ್ಟಡದ ಒಳಗಿನ ಗಾಳಿ."

ಅವಳು ಹೇಳಿ ಮುಗಿಸುವ ಮೊದಲೇ ಷಡಕ್ಷರಿಗೆ ಮುಂದಿನದು ಕಂಡಿತ್ತು. ಟೊಳ್ಳನ್ನು ಶುಚಿಮಾಡಲೆಂದು ಪ್ರತಿ ಮಹಡಿಯಲ್ಲೂ ಒಳಗೋಡೆಗೆ ಒಂದು ಕಬ್ಬಿಣದ ಸಣ್ಣ ಬಾಗಿಲಿತ್ತು. ಮನುಷ್ಯ ಅರ್ಧ ದೇಹ ತೂರಿಸಿ ಕೈಯಾಡಿಸುವಷ್ಟು ದೊಡ್ಡದು. ಅದನ್ನು ತೆರೆದರೆ ಎ.ಸಿ.ಯ ತಣ್ಣನೆಯ ಗಾಳಿ ಗೋಡೆಯೊಳಗೆ ಹರಿಯುತ್ತದೆ.

"ಒಂದು ಹಲಗೆಗೆ ಎಷ್ಟು ಬೋಲ್ಟು?"

"ನಾಲ್ಕು. ಹನ್ನೆರಡು ಹಲಗೆಗೆ ನಲವತ್ತೆಂಟು."

"ನಿಮಿಷಕ್ಕೊಂದು ಬಿಚ್ಚಿದರೆ..."

"ಹೆಚ್ಚೂಕಡಿಮೆ ಐವತ್ತು ನಿಮಿಷ," ಎಂದಳು ಅವಳು. ಹಾಳೆ ಹಿಡಿದಿದ್ದ ಕೈ ತೊಡೆಯ ಮೇಲೆ ಬಿತ್ತು. "ಜವರಪ್ಪ ಕೆಳಗೆ ಬಂದು ನಿಲ್ಲೋವರೆಗೂ ಕಾದು ದೂಡಿದ್ದಾರೆ. ಸರ್, ಅವರನ್ನ ಕೊಂದಿದ್ದಾರೆ."

ನೀರು ತರಲು ಒಳಗೆ ಹೋಗಿದ್ದ ಮಂಜುಳಮ್ಮನ ಕೈಯಿಂದ ಲೋಟವೊಂದು ಜಾರಿ ಬಿದ್ದು ಉರುಳಿತು. ಯಾರೂ ಅದನ್ನು ಎತ್ತಲಿಲ್ಲ.

"ಆ ಬಾಗಿಲಿಗೆ ಬೀಗ ಇತ್ತಲ್ಲವೇ?" ಎಂದರು ಷಡಕ್ಷರಿ. ಉತ್ತರ ಗೊತ್ತಿದ್ದೂ ಕೇಳುತ್ತಿದ್ದರು. ಪೊಲೀಸರು ಹೋದಾಗ ಐದೂ ಮಹಡಿಯ ಬಾಗಿಲುಗಳಿಗೆ ಬೀಗ ಹಾಕಿತ್ತು, ಯಾವುದನ್ನೂ ಒಡೆದಿರಲಿಲ್ಲ. ಮಹಜರಿನಲ್ಲಿ ಅದು ಸ್ಪಷ್ಟವಾಗಿತ್ತು.

"ಐದು ಬೀಗಕ್ಕೂ ಒಂದೇ ಥರದ ಕೀಲಿ. ಕಂಡಕಂಡವರು ಕೈ ಹಾಕಬಾರದು ಅಂತ ಎರಡೇ ಮಾಡಿಸಿದ್ದೆ. ಒಂದು ಜವರಪ್ಪನ ಹತ್ತಿರ."

ಅದು ಸತ್ತವನ ಷರಟಿನ ಜೇಬಿನಲ್ಲಿ ಸಿಕ್ಕಿತ್ತು. ಅದೂ ಮಹಜರಿನಲ್ಲಿತ್ತು.

ಹೇಮಶ್ರೀ ಎದ್ದು ಒಳಕೋಣೆಗೆ ಹೋದಳು. ಮೇಜಿನ ಡ್ರಾಯರ್ ಎಳೆದ ಸದ್ದು ಕೇಳಿತು. ಹೊರಗೆ ಬಂದು ಉದ್ದನೆಯ ಹಿತ್ತಾಳೆ ಕೀಲಿಯೊಂದನ್ನು ಹಾಳೆಯ ಮೇಲಿಟ್ಟಳು.

"ಇನ್ನೊಂದು ಇದು."

"ಆವತ್ತು ಮಧ್ಯಾಹ್ನ ನೀನು ಎಲ್ಲಿದ್ದೆ?"

"ಕಚೇರಿಯಲ್ಲಿ. ಹೇಳಿದ್ದೆನಲ್ಲ."

"ಜೊತೆಗೆ?"

"ಯಾರೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಡ್ರಾಯಿಂಗ್ ಮಾಡ್ತಿದ್ದೆ."

"ಯಾರಾದರೂ ಫೋನ್ ಮಾಡಿದ್ದರಾ? ಟೀ ಕೊಡೋಕೆ ಬಂದಿದ್ದರಾ? ರಾಮಯ್ಯ ಮೇಷ್ಟ್ರು ನೋಡಿದ್ದರಾ?"

"ಬೇಸಿಗೆ ರಜ ಸರ್. ಟ್ಯುಟೋರಿಯಲ್ ಬೀಗ ಹಾಕಿತ್ತು."

ಷಡಕ್ಷರಿ ನೆಲದ ಮೇಲೆ ಕುಳಿತರು. ಸರಸ್ವತಿಪುರಂನಿಂದ ಇಲ್ಲಿಯವರೆಗೆ ಎಷ್ಟು ಆಸೆ ಹೊತ್ತು ತಂದಿದ್ದರು! ನಿರ್ಲಕ್ಷ್ಯದ ಕೇಸಿನಲ್ಲಿ ಹೆಚ್ಚೆಂದರೆ ಎರಡು ವರ್ಷ. ವಾದ ಮಾಡಿ ಬಿಡಿಸಿಕೊಳ್ಳಲೂಬಹುದಿತ್ತು. ಈ ಹಾಳೆ ಅವಳನ್ನು ಅಲ್ಲಿಂದ ಎತ್ತಿ ಕೊಲೆಯ ಕೇಸಿಗೆ ಹಾಕುತ್ತಿತ್ತು. ಗೋಡೆಯ ಒಳಹೊರಗನ್ನು ಬಲ್ಲವಳು, ಎಲ್ಲಿ ಬಿಚ್ಚಿದರೆ ಯಾವುದು ಬೀಳುತ್ತದೆಂದು ತಿಳಿದವಳು, ಕೀಲಿ ಇಟ್ಟುಕೊಂಡವಳು ಅವಳೊಬ್ಬಳೇ. ತಾವೇ ಆ ಹಾಳೆಯನ್ನು ಓಡೋಡಿ ತಂದುಕೊಟ್ಟಿದ್ದರು.

ಮಂಜುಳಮ್ಮ ಬಂದು ಅವರ ಮುಂದೆ ಮಂಡಿಯೂರಿದರು. ಎಪ್ಪತ್ತಕ್ಕೆ ಹತ್ತಿರದ ಮುದುಕಿ. ಕೊರಳಿನ ಶಿವದಾರ ಸೆರಗಿನಿಂದ ಹೊರಗೆ ಬಂದು ತೂಗುತ್ತಿತ್ತು.

"ಒಲೆಗೆ ಹಾಕಿಬಿಡಿ ಷಡಕ್ಷರಿಯವರೇ. ಇದನ್ನ ನೋಡಿದವರು ನಾವು ಮೂರೇ ಜನ. ನಿಮ್ಮ ದಮ್ಮಯ್ಯ, ಒಲೆಗೆ ಹಾಕಿಬಿಡಿ."

ಷಡಕ್ಷರಿ ಹಾಳೆಯನ್ನೂ ಆ ಮುದುಕಿಯ ಕೈಯನ್ನೂ ನೋಡಿದರು. ಇಪ್ಪತ್ತೆಂಟು ವರ್ಷದ ಪೊಲೀಸ್ ಕೆಲಸದಲ್ಲಿ ಒಂದು ಚೀಟಿಯನ್ನೂ ಸುಟ್ಟವರಲ್ಲ. ಈಗ ಕೈ ತಾನಾಗಿಯೇ ಹಾಳೆಯ ಕಡೆ ಹೋಯಿತು.

ಹೇಮಶ್ರೀ ಮೊದಲು ಎತ್ತಿಕೊಂಡಳು.

"ಬೇಡ ಸರ್."

"ನಿನಗೆ ಅರ್ಥವಾಗ್ತಿದೆಯಾ? ಗೋಡೆ ಹೋಯಿತು, ಅದರೊಳಗಿದ್ದ ಗುಂಡಿಗಳೂ ಹೋದವು. ಉಳಿದಿರೋದು ಇದೊಂದೇ. ಇದನ್ನ ಕೊಟ್ಟರೆ ನಿಶಾಂತ್ ಮೊದಲು ಕೇಳೋದು ಕೀಲಿ ಯಾರ ಹತ್ತಿರ ಇತ್ತು ಅಂತ."

"ನನ್ನ ಹತ್ತಿರ ಇತ್ತು ಅಂತ ಹೇಳ್ತೀನಿ."

"ಆಮೇಲೆ?"

"ಆಮೇಲೆ ನನಗೆ ಗೊತ್ತಿಲ್ಲ." ಅವಳು ಹಾಳೆಯ ಮಡಿಕೆ ಸರಿಮಾಡಿದಳು. "ಹದಿಮೂರು ದಿನದಿಂದ ಒಂದೇ ಯೋಚನೆ ಸರ್. ನನ್ನ ಲೆಕ್ಕ ಎಲ್ಲಿ ತಪ್ಪಿತು? ಯಾವ ಸಾಲಲ್ಲಿ? ರಾತ್ರಿಯೆಲ್ಲ ಗುಣಿಸಿ ಗುಣಿಸಿ ನೋಡಿದ್ದೀನಿ. ಭಾಗ್ಯಮ್ಮ ಸ್ಟೇಷನ್ ಮುಂದೆ ನನ್ನನ್ನ ನೋಡಿ ತಲೆ ತಗ್ಗಿಸಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅವರ ಗಂಡನನ್ನ ನನ್ನ ಗೋಡೆ ಕೊಲ್ಲಲಿಲ್ಲ, ಮನುಷ್ಯರು ಕೊಂದಿದ್ದಾರೆ. ಅದು ಅವರಿಗೆ ಗೊತ್ತಾಗಬೇಡವಾ?"

"ಒಂದು ವಾರ ಟೈಮ್ ಕೊಡು. ನಾನು ಹುಡುಕ್ತೀನಿ."

"ಎಲ್ಲಿ ಹುಡುಕ್ತೀರಿ? ಗುಜರಿಯಲ್ಲಾ?"

ಷಡಕ್ಷರಿ ಹಾಳೆಗೆ ಕೈ ಚಾಚಿದರು. ಅವಳು ಕೊಡಲಿಲ್ಲ.

"ಸಂಜೆಯೊಳಗೆ ಒಳಗಿನ ಬಾಗಿಲುಗಳನ್ನೂ ಕಿತ್ತು ಇಟ್ಟಿಗೆ ಕಟ್ಟಿಬಿಡ್ತಾರೆ," ಎನ್ನುತ್ತ ಹೇಮಶ್ರೀ ಗೋಡೆಯ ಮೇಲಿನ ಫೋನ್ ತೆಗೆದಳು. "ಈಗ ಪೊಲೀಸರು ಹೋದರೆ ನಾಲ್ಕನೇ ಮಹಡಿಯ ಬಾಗಿಲ ಮೇಲೆ ಬೆರಳಚ್ಚಾದರೂ ಸಿಗಬಹುದು. ನಾಳೆಗೆ ಅದೂ ಇಲ್ಲ."

"ಹೇಮಾ," ಎಂದರು ಮಂಜುಳಮ್ಮ. "ಒಂದು ಮಾತು ಕೇಳು ಇಲ್ಲಿ..."

"ಆಮೇಲೆ ಹೇಳಮ್ಮ."

"ಈಗಲೇ ಕೇಳೇ..."

"ಅಮ್ಮಾ, ಆಮೇಲೆ!" ಅವಳು ನಂಬರು ಒತ್ತಿಯಾಗಿತ್ತು. ಮೇ ಇಪ್ಪತ್ತರ ಅಂಕಿಗಳನ್ನು ಒಂದೊಂದಾಗಿ ನಿಶಾಂತ್‌ಗೆ ಓದಿ ಹೇಳಿದಳು, ಪಾಠ ಒಪ್ಪಿಸುವ ಮಗುವಿನಂತೆ. ಕೀಲಿಯ ವಿಷಯವನ್ನೂ ಅವನು ಕೇಳುವ ಮೊದಲೇ ಹೇಳಿದಳು.

ಜೀಪು ಬರಲು ಇಪ್ಪತ್ತು ನಿಮಿಷ ಸಾಕಾಯಿತು. ಓಣಿಯ ಬಾಯಲ್ಲಿ ನಿಲ್ಲಿಸಿ ನಿಶಾಂತ್ ನಡೆದು ಬಂದ. ಜೊತೆಗೆ ಇಬ್ಬರು ಮಹಿಳಾ ಪೇದೆಗಳು. ಷಡಕ್ಷರಿಯ ಮುಖ ನೋಡದೆ ಹಾಳೆಯನ್ನೂ ಕೀಲಿಯನ್ನೂ ಕವರಿಗೆ ಹಾಕಿಸಿ ಸಹಿ ತೆಗೆದುಕೊಂಡ.

"ನಾಲ್ಕನೇ ಮಹಡಿಗೆ ಜನ ಕಳಿಸಿದೆಯಾ?"

"ಬರ್ತಾ ದಾರೀಲೇ ಫೋನ್ ಮಾಡಿದೆ ಸಾರ್." ನಿಶಾಂತ್ ತಗ್ಗಿದ ದನಿಯಲ್ಲಿ ಹೇಳಿದ. "ಬಾಗಿಲು ಬೆಳಿಗ್ಗೆ ಹತ್ತಕ್ಕೇ ಕಿತ್ತಿದ್ದಾರೆ. ಗಾರೆ ಕೂಡ ಒಣಗಿದೆಯಂತೆ."

ಹೇಮಶ್ರೀಗೂ ಅದು ಕೇಳಿಸಿತು. ಚಪ್ಪಲಿ ಮೆಟ್ಟುತ್ತಿದ್ದವಳು ಒಂದು ಗಳಿಗೆ ಹಾಗೇ ನಿಂತಳು.

"ಇವಳೇ ಕರೆದು ಕೊಟ್ಟಿದ್ದಾಳಲ್ಲಯ್ಯ," ಎಂದರು ಷಡಕ್ಷರಿ. "ಕೊಂದವಳು ಹೀಗೆ ಫೋನ್ ಮಾಡ್ತಾಳಾ?"

"ನೀವೇ ಕಲಿಸಿದ್ದು ಸಾರ್. ಕಾಗದದಲ್ಲಿ ಏನಿದೆಯೋ ಅದನ್ನ ನೋಡು ಅಂತ. ಕಾಗದದಲ್ಲಿ ಒಬ್ಬರ ಹೆಸರೇ ಇದೆ. ಹಿಂದಿನ ಜಾಮೀನು ಇದಕ್ಕೆ ನಡೆಯಲ್ಲ."

ಓಣಿಯ ಮನೆಗಳ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಯಾರೋ "ಅವಳೇ ಅಂತೆ ಕಣ್ರೀ" ಎಂದದ್ದು ಕೇಳಿತು. ಹೇಮಶ್ರೀ ಇಬ್ಬರು ಪೇದೆಗಳ ನಡುವೆ ನಡೆದು ಹೋದಳು. ತಿರುವಿನಲ್ಲಿ ಹಿಂತಿರುಗಿ ನೋಡಿ, "ಅಮ್ಮನಿಗೆ ಬಿ.ಪಿ. ಮಾತ್ರೆ ಕೊಡಿ ಸರ್, ಬೆಳಿಗ್ಗೆಯಿಂದ ತಗೊಂಡಿಲ್ಲ," ಎಂದು ಕೂಗಿದಳು.

ಷಡಕ್ಷರಿ ಬಾಗಿಲಲ್ಲೇ ನಿಂತರು. ಕಾನೂನು ಗೊತ್ತಿತ್ತು, ಪೊಲೀಸರು ಗೊತ್ತಿದ್ದರು, ನಿಜವೂ ಅರ್ಧ ಗೊತ್ತಿತ್ತು. ಯಾವುದೂ ಕೈಗೆ ಬರಲಿಲ್ಲ.

ಒಳಗೆ ಮಂಜುಳಮ್ಮ ಕಂಬಕ್ಕೆ ತಲೆ ಒರಗಿಸಿ ಕುಳಿತಿದ್ದರು. ಮಾತ್ರೆ ಕೊಟ್ಟರೆ ನುಂಗಲಿಲ್ಲ. ಅಂಗೈಯಲ್ಲೇ ಹಿಡಿದುಕೊಂಡರು.

"ಆ ದಿನ ಕೀಲಿ ಮನೆಯಲ್ಲಿರಲಿಲ್ಲ," ಎಂದರು.

ಷಡಕ್ಷರಿ ತಿರುಗಿದರು. "ಏನಂದಿರಿ?"

"ಹನ್ನೆರಡು ಗಂಟೆಗೆ ಒಬ್ಬರು ಬಂದು ಕೇಳಿದರು. ಯಜಮಾನ್ರು ಕೀಲಿ ಮರೆತು ಬಂದವ್ರೆ, ಅಮ್ಮಾವ್ರ ಕೀಲಿ ಇಸ್ಕೊಂಡು ಬಾ ಅಂದ್ರು ಅಂತ. ಮನೆಯವಳ ಹಾಗೆ ಬಂದು ಹೋಗ್ತಿದ್ದವಳು. ನಾನೇ ಡ್ರಾಯರ್ ತೆಗೆದು ಕೊಟ್ಟೆ."

"ಯಾರು?"

"ಭಾಗ್ಯಮ್ಮ."

ಜವರಪ್ಪ ಕೀಲಿ ಮರೆತಿರಲಿಲ್ಲ. ಅದು ಅವನ ಜೇಬಿನಲ್ಲೇ ಇತ್ತು. ಷಡಕ್ಷರಿ ಒಂದು ಹೆಜ್ಜೆ ಹತ್ತಿರ ಬಂದರು. "ವಾಪಸ್ ಯಾವಾಗ ಬಂತು?"

"ಮಣ್ಣು ಮಾಡಿದ ಮೂರನೇ ದಿನ. ಹೇಮಾ ಸ್ಟೇಷನ್‌ನಲ್ಲಿದ್ದಳು. ಭಾಗ್ಯಮ್ಮ ಬಂದು ಕೀಲಿ ಕೈಗಿಟ್ಟು ನನ್ನ ಕಾಲು ಹಿಡಿದುಕೊಂಡಳು. 'ಯಾರ್ಗೂ ಏಳ್ಬೇಡಿ ಅವ್ವಾರೇ, ನಂಗೇನೂ ಗೊತ್ತಿರ್ನಿಲ್ಲ. ಬಾಯ್ಬುಟ್ರೆ ನನ್ನ ಮಗಳನ್ನೂ ಉಳಿಸಾಕಿಲ್ಲ ಅಂದವ್ರೆ' ಅಂದಳು. ಆಣೆ ಮಾಡಿಸಿಕೊಂಡಳು. ನಾನು ಲಿಂಗ ಮುಟ್ಟಿ ಆಣೆ ಇಟ್ಟೆ."

"ಅದಕ್ಕೇ ನನ್ನ ಹತ್ತಿರ ಬಂದಿರಾ?"

"ನಾನು ಬಾಯಿ ಬಿಡದೆ ನೀವೇ ಕಂಡುಹಿಡೀತೀರಿ ಅಂದುಕೊಂಡಿದ್ದೆ."

ಷಡಕ್ಷರಿ ಅವರ ಎದುರು ಕುಳಿತು ಆ ಒಣಗಿದ ಕೈಗಳನ್ನು ಹಿಡಿದುಕೊಂಡರು. "ತಾಯೀ, ನೆನಪು ಮಾಡಿಕೊಳ್ಳಿ. ಹಾಗೆ ಹೆದರಿಸಿದವರು ಯಾರು? ಅವಳಿಂದ ಕೀಲಿ ತರಿಸಿಕೊಂಡವರು ಯಾರು? ಒಂದು ಹೆಸರು ಸಾಕು. ಅವಳು ಹೇಳಲೇ ಇಲ್ಲವಾ?"

ಮಂಜುಳಮ್ಮ ಬಾಗಿಲಾಚೆ, ಮಗಳು ಹೋದ ಓಣಿಯನ್ನೇ ನೋಡುತ್ತಿದ್ದರು.

"ಹೇಳೋಕೆ ಬಾಯಿ ತೆಗೆದಳು," ಎಂದರು. "ನನಗೆ ಗೊತ್ತಾಗೋದೇ ಬೇಡ ಅಂತ ಈ ಕೈಯಲ್ಲೇ ಅವಳ ಬಾಯಿ ಮುಚ್ಚಿಬಿಟ್ಟೆ."